ಬೋರ್ ಆಗಲಿ ಬಿಡಿ

ನನ್ನ ಕೆಲಸ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು. ಮನೆ ಉಡುಪಿಯ ಹತ್ತಿರ. ದಿನಕ್ಕೊಂದು ಗಂಟೆ ಫೋನ್, ಪುಸ್ತಕ, ಹಾಡು ಯಾವುದೂ ಇಲ್ಲದೆ ಜಗಲಿಯಲ್ಲಿ ಕೂರುವುದನ್ನು ಶುರು ಮಾಡಿದ್ದು ಒಂದು ಆಟಿಯಲ್ಲಿ. ಹೇಗೆ ಮಾಡಿದೆ ಅಂತ ಕೆಲವರು ಕೇಳಿದರು, ಅದಕ್ಕೆ ಬರೆಯುತ್ತಿದ್ದೇನೆ.

ಆಟಿ ಗೊತ್ತಲ್ಲ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಯಕ್ಷಗಾನ ಮೇಳಗಳು ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೇ ಗೆಜ್ಜೆ ಬಿಚ್ಚಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಹಿಂದೆ ಈ ತಿಂಗಳಲ್ಲಿ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು, 14 ಗುಳಿಗಳಲ್ಲಿ ಕಾಯಿ ಹಂಚುತ್ತಾ ಮಧ್ಯಾಹ್ನ ಕಳೆಯುತ್ತಿತ್ತು. ಇದನ್ನೆಲ್ಲ ಹೇಳಿ "ಆಹಾ, ಎಂಥ ನೆಮ್ಮದಿ" ಅಂತ ಬರೆಯುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ ಮಾರಾಯ್ರೆ. ಆಟಿ ಹಸಿವಿನ ತಿಂಗಳೂ ಹೌದು. ಕೆಸುವಿನ ಎಲೆ, ಕಣಿಲೆ (ಎಳೆ ಬಿದಿರು), ಹಲಸಿನ ಬೀಜದಲ್ಲಿ ದಿನ ದೂಡಿದವರಿಗೆ ಆ ಬಿಡುವು ಬೇಕಾಗಿ ಬಂದದ್ದಲ್ಲ. ಆದರೆ ಆ ಬಿಡುವಿನಲ್ಲೂ ಕೈಗೆ ಏನಾದರೊಂದು ಇರುತ್ತಿತ್ತು. ಬಲೆ ಸರಿ ಮಾಡುವುದು, ಹಿಡಿಸೂಡಿ ಅಂದರೆ ತೆಂಗಿನ ಕಡ್ಡಿಯ ಪೊರಕೆ ಮಾಡುವುದು. ನನಗೆ ದಾರಿ ಸಿಕ್ಕಿದ್ದು ಅಲ್ಲಿ.

ಮೊದಲು ಸುಮ್ನೆ ಕೂತು ನೋಡಿದೆ. ಸ್ವಲ್ಪ ಹೊತ್ತಿಗೇ ಕೈ ತಾನಾಗಿ ಫೋನ್ ಹುಡುಕುತ್ತದೆ, ಆಮೇಲೆ ಕರೆಂಟ್ ಬಿಲ್ಲು, ಗ್ಯಾಸ್ ಬುಕಿಂಗು, ಯಾರೋ ಯಾವತ್ತೋ ಆಡಿದ ಮಾತು, ಎಲ್ಲ ಒಟ್ಟಿಗೆ ನುಗ್ಗುತ್ತವೆ. ನನಗೊಬ್ಬನಿಗೇ ಹೀಗಾ ಅಂತ ಅನುಮಾನ ಬಂದಾಗ ಒಂದು ಪ್ರಯೋಗದ ಬಗ್ಗೆ ಓದಿದೆ. 2014ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತಿಮೊತಿ ವಿಲ್ಸನ್ ಮತ್ತು ಜೊತೆಗಾರರು ಜನರನ್ನು 15 ನಿಮಿಷ ಖಾಲಿ ಕೋಣೆಯಲ್ಲಿ ಕೂರಿಸಿದರು. ಬೇಕಿದ್ದರೆ ಒತ್ತಿ ಅಂತ ಕರೆಂಟ್ ಶಾಕ್ ಕೊಡುವ ಬಟನ್ ಒಂದು ಇಟ್ಟರು. ಅದನ್ನು ತಪ್ಪಿಸಿಕೊಳ್ಳಲು ದುಡ್ಡು ಕೊಡಲೂ ತಯಾರು ಅಂದಿದ್ದವರೇ, 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ, ಸುಮ್ನೆ ಕೂರಲಾಗದೆ ಒತ್ತಿಬಿಟ್ಟರು! ನಾನು ಪರವಾಗಿಲ್ಲ ಅನ್ನಿಸಿತು.

ಅದೇ ವರ್ಷ ಇಂಗ್ಲೆಂಡಿನ ಸ್ಯಾಂಡಿ ಮ್ಯಾನ್ ಮತ್ತು ರೆಬೆಕಾ ಕ್ಯಾಡ್‌ಮನ್ ಇನ್ನೊಂದು ಪ್ರಯೋಗ ಪ್ರಕಟಿಸಿದ್ದರು. ಟೆಲಿಫೋನ್ ಡೈರೆಕ್ಟರಿಯ ನಂಬರುಗಳನ್ನು ನಕಲು ಮಾಡಿಸಿ, ಆಮೇಲೆ ಪ್ಲಾಸ್ಟಿಕ್ ಕಪ್‌ಗಳಿಂದ ಏನೇನು ಮಾಡಬಹುದು ಅಂತ ಕೇಳಿದರು. ಬೋರ್ ಹೊಡೆಸಿಕೊಂಡವರಿಗೆ ಉಪಾಯಗಳು ಜಾಸ್ತಿ ಹೊಳೆದವಂತೆ. ನಾನು ಡೈರೆಕ್ಟರಿ ಎಲ್ಲಿ ಹುಡುಕಲಿ? ತೋಟದಲ್ಲಿ ತೆಂಗಿನ ಮಡಲು ಬಿದ್ದಿತ್ತು. ಅದನ್ನೇ ಎಳೆದು ತಂದೆ.

ಹಿಡಿಸೂಡಿ ಮಾಡಿದವರಿಗೆ ಗೊತ್ತು, ಅದರಷ್ಟು ಬೋರ್ ಕೆಲಸ ಇನ್ನೊಂದಿಲ್ಲ. ಗರಿ ಒಂದೊಂದೇ ಕಿತ್ತು, ಕತ್ತಿಯಲ್ಲಿ ಎರಡೂ ಬದಿ ಕೆರೆದರೆ ನಡುವಿನ ಕಡ್ಡಿ ಉಳಿಯುತ್ತದೆ. ಬುಡ ದಪ್ಪ, ತುದಿ ತೀರಾ ಸಪೂರ. ಒಂದು ಸೂಡಿಗೆ ನೂರಾರು ಕಡ್ಡಿ ಬೇಕು. ತಲೆಗೆ ಏನೂ ಕೆಲಸವಿಲ್ಲ.

ಆಗ ಒಂದು ಪುಸ್ತಕದಲ್ಲಿ ಮಳೆಯ ಪುಟ ನಿಂತುಹೋಗಿತ್ತು. ಎಲ್ಲರೂ ಬರೆಯುವ ನೀಲಿ ಓರೆ ಗೆರೆ ಬರೆದರೆ ಅದು ಯಾವುದೋ ಊರಿನ ಮಳೆ, ಹೆಂಚಿನ ಮೇಲೆ ಬಡಿಯುವ ನಮ್ಮ ಮಳೆ ಅಲ್ಲವೇ ಅಲ್ಲ. ಕೆರೆದ ಕಡ್ಡಿಗಳನ್ನು ಒಂದೊಂದಾಗಿ ಜಗಲಿಯ ಕೆಂಪು ನೆಲಕ್ಕೆ ಬಿಸಾಡುತ್ತಿದ್ದೆ. ಅಡ್ಡಾದಿಡ್ಡಿ ಬಿದ್ದಿದ್ದವು. ಬುಡಗಳು ಒಟ್ಟಾದ ಕಡೆ ನೆಲ ಕಾಣುತ್ತಲೇ ಇರಲಿಲ್ಲ, ತುದಿಗಳ ಕಡೆ ಕೆಂಪು ಇಣುಕುತ್ತಿತ್ತು. ಎಷ್ಟು ಹೊತ್ತು ಅದನ್ನೇ ನೋಡುತ್ತಿದ್ದೆನೋ, ಇದ್ದಕ್ಕಿದ್ದಂತೆ ಹೊಳೆಯಿತು: ಮಳೆಯ ಗೆರೆ ಉದ್ದಕ್ಕೂ ಒಂದೇ ದಪ್ಪ ಯಾಕೆ ಇರಬೇಕು? ಆಕಾಶದಲ್ಲಿ ಸಪೂರ ಇರಲಿ, ನೆಲಕ್ಕೆ ಬಡಿಯುವಲ್ಲಿ ದಪ್ಪವಾಗಲಿ. ಮರುದಿನ ಒಂದು ಕಡ್ಡಿಯ ಬುಡ ಜಜ್ಜಿ, ಶಾಯಿಯಲ್ಲಿ ಅದ್ದಿ, ಅದರಲ್ಲೇ ಗೆರೆ ಎಳೆದೆ. ಮೇಲಿನಿಂದ ಹಗುರವಾಗಿ ಶುರು ಮಾಡಿ ಕೆಳಗೆ ಒತ್ತಿದರೆ ನಾರು ಬಿಚ್ಚಿಕೊಂಡು ಗೆರೆ ಸಿಡಿಯುತ್ತದೆ, ಬ್ರಷ್ಷಿನಲ್ಲಿ ಹಾಗೆ ಬರುವುದಿಲ್ಲ. ಪುಸ್ತಕದಲ್ಲಿ ಅಚ್ಚಾದದ್ದು ಆ ಮಳೆಯೇ.

ದಿನಾ ಹೀಗೆ ಆಗುತ್ತದೆ ಅಂದುಕೊಳ್ಳಬೇಡಿ. ಹೆಚ್ಚಿನ ದಿನ ಏನೂ ಹೊಳೆಯುವುದಿಲ್ಲ, ಬರೀ ಹಿಡಿಸೂಡಿ ಆಗುತ್ತದೆ. ನೆರೆಮನೆಯವರಿಗೆಲ್ಲ ಕೊಟ್ಟಾಯಿತು.

ಆದರೆ ಕೆಲವು ವಿಷಯ ಗಟ್ಟಿಯಾದವು. ಕೂರುವ ಮೊದಲು ಸಿಕ್ಕಿಹಾಕಿಕೊಂಡ ಚಿತ್ರವನ್ನು ಒಮ್ಮೆ ಸರಿಯಾಗಿ ನೋಡಿ ಬರಬೇಕು. ತಲೆಯಲ್ಲಿ ಯಾವ ಗಂಟೂ ಇಲ್ಲದೆ ಕೂತರೆ ಬಿಲ್ಲುಗಳದ್ದೇ ಯೋಚನೆ. ಪಕ್ಕದಲ್ಲಿ ನೋಟ್‌ಬುಕ್ ಬೇಡ. ಅದಿದ್ದರೆ ಏನಾದರೂ ಹೊಳೆಯಲೇಬೇಕು ಅಂತ ಕಾಯುತ್ತಾ ಕೂರುತ್ತೇವೆ, ಅಲ್ಲಿಗೆ ಅದೂ ಆಫೀಸ್ ಕೆಲಸವೇ ಆಯಿತು. ಊಟ ಆದ ಮೇಲೆ ಕೂತರೆ ನಿದ್ದೆ. ನಿದ್ದೆಯೂ ಒಳ್ಳೆಯದೇ, ಆದರೆ ಅದು ಬೇರೆ. ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲೂ ಮಾಡಿ ನೋಡಿದೆ. ಅಷ್ಟು ಜೋರಾಗಿ ಹಾಡು ಹಾಕಿದರೆ ಬೋರ್ ಆಗುವುದಾದರೂ ಹೇಗೆ? ಸ್ಟಾಪು ಸ್ಟಾಪಿಗೆ ನಿಲ್ಲುವ ಸರ್ವಿಸ್ ಬಸ್ಸೇ ವಾಸಿ, ಕಿಟಕಿ ಬದಿ ಸೀಟು ಸಿಕ್ಕಿದರೆ.

ಮಗಳಿಗೂ ಇದು ತಾಗಿದೆ. ಜೋರು ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟ ದಿನ ಬೆಳಿಗ್ಗೆಯೇ "ಬೋರ್ ಆಗ್ತಾ ಉಂಟು" ಶುರು. ಮುಂಚೆ ಫೋನ್ ಕೊಟ್ಟುಬಿಡುತ್ತಿದ್ದೆವು. ಈಗ "ಆಗಲಿ" ಅಂತೇನೆ. ಸಿಟ್ಟು ಮಾಡಿಕೊಂಡು ಮನೆಯಿಡೀ ಸುತ್ತುತ್ತಾಳೆ, ಆಮೇಲೆ ನಾನು ಕೆರೆದು ಬಿಟ್ಟ ಗರಿಯ ಚೂರು ಎತ್ತಿಕೊಂಡು ಹೋಗುತ್ತಾಳೆ. ಏನು ಮಾಡುತ್ತಾಳೆ ಅಂತ ನಾನು ಕೇಳುವುದಿಲ್ಲ. ಕೇಳಿದರೆ ನಿಲ್ಲಿಸಿಬಿಡುತ್ತಾಳೆ.

ಬೇಸಿಗೆಯಲ್ಲಿ ಕಡ್ಡಿ ಬಿಟ್ಟು ಹುಣಸೆಹಣ್ಣಿನ ಬೀಜ ತೆಗೆಯುತ್ತೇನೆ. ಅದು ಇನ್ನೂ ಒಳ್ಳೆಯದು, ಕೈಯೆಲ್ಲ ಅಂಟು. ಫೋನ್ ಹೊಡೆದುಕೊಂಡರೂ ಮುಟ್ಟಲಾಗುವುದಿಲ್ಲ. ಹೆಂಡತಿ ಎತ್ತಿ "ಕೆಲಸದಲ್ಲಿದ್ದಾರೆ" ಅನ್ನುತ್ತಾಳೆ. ಸುಳ್ಳೇನಲ್ಲವಲ್ಲ.