ಮಳೆಯ ದಿನ ಕಪ್ಪು-ಬಿಳುಪು ಥ್ರಿಲ್ಲರ್ ನೋಡುವವರಿಗೊಂದು ಸಲಹೆ

ಉಡುಪಿಯ ಆಟಿ (ತುಳುನಾಡಿನ ಮಳೆಗಾಲದ ತಿಂಗಳು) ಮಳೆಯಲ್ಲಿ ಮನೆಯಲ್ಲೇ ಕುಳಿತು, ಡಾ. ರಾಜ್‌ಕುಮಾರ್ ಗೂಢಚಾರನಾಗಿ ನಟಿಸಿದ 1968ರ ‘ಜೇಡರ ಬಲೆ’ಯಂತಹ ಕಪ್ಪು-ಬಿಳುಪು ಚಿತ್ರ ನೋಡಬಯಸುವವರು ಮೊದಲು ಟಿವಿಯಲ್ಲಿ ಬೆಳಕು-ಕತ್ತಲೆಯ ಅಂತರ (ಕಾಂಟ್ರಾಸ್ಟ್) ಹೆಚ್ಚಿಸುವ ‘ವಿವಿಡ್’ ಬದಲು ‘ಸಿನಿಮಾ’ ಮೋಡ್ ಇಟ್ಟುಕೊಳ್ಳಬೇಕು. ಕಾಂಟ್ರಾಸ್ಟ್ ಅತಿಯಾದರೆ ನೆರಳಿನ ಸೂಕ್ಷ್ಮ ಬೂದು ಛಾಯೆಗಳೆಲ್ಲ ಕಪ್ಪಿನಲ್ಲಿ ಮುಳುಗಿ, ಭಯ ಹುಟ್ಟಿಸಬೇಕಾದ ಮೂಲೆಯು ಬರಿಯ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಹಳೆಯ ಚಿತ್ರಗಳ ಚೌಕಟ್ಟಿನ ಅಗಲ-ಎತ್ತರದ ಅನುಪಾತ ಬಹುಮಟ್ಟಿಗೆ 4:3ರ ಆಸುಪಾಸಿನದಾದ್ದರಿಂದ ಅದನ್ನು ಟಿವಿಯ ಅಗಲಕ್ಕೆ ಹಿಗ್ಗಿಸಬಾರದು. ಎರಡೂ ಬದಿಯ ಕಪ್ಪು ಪಟ್ಟಿ ದೋಷವಲ್ಲ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಪಿಸುಮಾತಿನ ಸಂಭಾಷಣೆ ಕೇಳಿಸದು, ಆದ್ದರಿಂದ ಹೆಡ್‌ಫೋನ್ ಬಳಸುವುದು ಒಳ್ಳೆಯದು (ಪಕ್ಕದಲ್ಲಿ ಹಲಸಿನ ಹಪ್ಪಳ ಮುರಿಯುವವರಿದ್ದರಂತೂ ಅನಿವಾರ್ಯ). ಗುಡುಗು-ಮಿಂಚು ಶುರುವಾದರೆ ಟಿವಿಯ ಪ್ಲಗ್ ತೆಗೆದಿಟ್ಟು, ಮೊದಲೇ ಡೌನ್‌ಲೋಡ್ ಮಾಡಿಕೊಂಡ ಚಿತ್ರವನ್ನು ಚಾರ್ಜ್ ಇರುವ ಲ್ಯಾಪ್‌ಟಾಪ್‌ನಲ್ಲಿ ಮುಂದುವರಿಸಬಹುದು.