ಟೈರ್ ಡ್ರೆಸ್ಸಿಂಗ್ ಬಾಗಿಲಿಗೆ ಸಿಡಿಯುವುದು ನಿಂತದ್ದು ಹೀಗೆ

ಟೈರ್ ಕಪ್ಪಗೆ ಹೊಳೆಯಲೆಂದು ಡ್ರೆಸ್ಸಿಂಗ್ ಹಚ್ಚಿದ ಮರುದಿನ ಮಡಿಕೇರಿ ಘಾಟಿ ಇಳಿದರೆ ಸಾಕು, ಹಿಂಬಾಗಿಲ ಕೆಳಗೆ ಕಪ್ಪು ಚುಕ್ಕೆಗಳ ಸಾಲು. ಎರಡೇ ದಿನಕ್ಕೆ ಟೈರ್ ಮತ್ತೆ ಕಂದು, ಮೇಲೆ ತೋಟದ ಕೆಮ್ಮಣ್ಣು.

ಸಾಲ್ವೆಂಟ್ (ನೀರಿನ ಬದಲು ಪೆಟ್ರೋಲಿಯಂ ದ್ರಾವಕ) ಆಧಾರದ ಹೊಳಪಿನ ಜೆಲ್ ದಪ್ಪಗೆ ಹಚ್ಚಿದರೆ ಸಿಡಿತ ಇನ್ನೂ ಹೆಚ್ಚಾಯಿತು. ಡ್ಯಾಶ್‌ಬೋರ್ಡ್ ಪಾಲಿಶ್ ಮೊದಲ ಮಳೆಗೇ ಹೋಯಿತು. ಕೆಲವರು ಹೇಳುವ ಡೀಸೆಲ್ ಅಂತೂ ಬೇಡವೇ ಬೇಡ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಎಡವಟ್ಟಾಗುತ್ತಿದ್ದುದು ತೊಳೆಯುವಾಗ. ರಬ್ಬರ್ ಬಿರುಕು ಬಿಡದಿರಲೆಂದು ತಯಾರಿಕೆಯಲ್ಲೇ ಬೆರೆಸಿದ ರಾಸಾಯನಿಕ ನಿಧಾನಕ್ಕೆ ಮೇಲೆ ಬಂದು ಕಂದು ಪದರ ಕಟ್ಟುತ್ತದೆ, ಅದರ ಜೊತೆ ಹಳೇ ಡ್ರೆಸ್ಸಿಂಗಿನ ಸಿಲಿಕೋನ್ ಜಿಡ್ಡು. ಶಾಂಪೂಗೆ ಅದು ಬಗ್ಗದು, ಅದರ ಮೇಲೆ ಡ್ರೆಸ್ಸಿಂಗ್ ಹಿಡಿಯದೆ ಸಿಡಿಯುತ್ತದೆ. 1 ಪಾಲು ಆಲ್ ಪರ್ಪಸ್ ಕ್ಲೀನರ್‌ಗೆ 4 ಪಾಲು ನೀರು, ಗಟ್ಟಿ ನೈಲಾನ್ ಬ್ರಷ್, ಒಂದೊಂದೇ ಟೈರ್. ಮೊದಲ ನೊರೆ ಹಾಲು ಹಾಕಿದ ಕಾಫಿಯ ಬಣ್ಣಕ್ಕಿರುತ್ತದೆ. ಬೆಳ್ಳಗೆ ಬರುವ ತನಕ ಉಜ್ಜಿ, ತೊಳೆಯಿರಿ. ಮೂರ್ನಾಲ್ಕು ಸುತ್ತು ಬೇಕಾದೀತು.

ಇಲ್ಲಿನ ಥಂಡಿಗೆ ಟೈರ್ ಬೇಗ ಒಣಗದು. ಅಕ್ಷರಗಳ ಸಂದಿಯ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದು ಒಂದು ಗಂಟೆ ಶೆಡ್ಡಿನಲ್ಲಿ ಬಿಡಿ. ಆಮೇಲೆ ನೀರಿನ ಆಧಾರದ ಡ್ರೆಸ್ಸಿಂಗ್, ಟೈರಿಗೆ ಒಂದು ಟೀ ಚಮಚ, ಸ್ಪಂಜಿನಲ್ಲಿ ತೆಳ್ಳಗೆ. 15 ನಿಮಿಷ ಬಿಟ್ಟು ಹಳೇ ಬನಿಯನ್ನಿನಲ್ಲಿ ಒರೆಸಿ. ಬೆರಳೆಳೆದರೆ ಜಿಡ್ಡು ಹತ್ತಬಾರದು. ಇನ್ನೊಂದು ಕೈ ಹಚ್ಚಿ, ಹಾಗೇ ಒರೆಸಿ, ಒಂದು ಗಂಟೆ ಗಾಡಿ ಕದಲಿಸಬೇಡಿ. ನೆಲ ತಾಗುವ ಭಾಗಕ್ಕೆ ಹನಿಯೂ ಬೀಳಬಾರದು, ತಿರುವಿನಲ್ಲಿ ಜಾರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ವಾರಕ್ಕೊಮ್ಮೆ ಹಚ್ಚಬೇಕು. ಆಗ ಒಂದೇ ಕೈ ಸಾಕು.