ಅಪ್‌ಡೇಟ್ ಅರ್ಧಕ್ಕೇ ನಿಂತಿತೇ? ಮೊದಲು ಆ ಸಾಲನ್ನು ಓದಿ

ನಿಮ್ಮ ಲಿನಕ್ಸ್ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ‘ಹೊಸ ಅಪ್‌ಡೇಟ್‌ಗಳು ಬಂದಿವೆ’ ಎಂಬ ಸೂಚನೆ. ಒತ್ತುತ್ತೀರಿ. ಹಸಿರು ಪಟ್ಟಿ ಮುಕ್ಕಾಲು ತುಂಬಿ ಅಲ್ಲೇ ಕೂರುತ್ತದೆ. ಕಾದು ಬೇಸತ್ತ ಮೇಲೆ ‘ಅಪ್‌ಡೇಟ್ ವಿಫಲವಾಗಿದೆ’ ಎಂಬ ಒಣ ಸಾಲೊಂದು ಬರುತ್ತದೆ, ಏಕೆ ಎಂಬುದಕ್ಕೆ ಉತ್ತರವಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಆ ಸಾಲನ್ನು ಅಂತರ್ಜಾಲದಲ್ಲಿ ಹುಡುಕಿ, ಸಿಕ್ಕ ಹತ್ತು ಕಮಾಂಡ್‌ಗಳನ್ನು ಒಂದರ ಹಿಂದೊಂದರಂತೆ ಅಂಟಿಸುತ್ತಾರೆ. ನಾನು ಕಂಡ ಕೆಟ್ಟ ಲಿನಕ್ಸ್‌ಗಳಲ್ಲಿ ರೋಗಕ್ಕಿಂತ ಮದ್ದಿನಿಂದಲೇ ಹಾಸಿಗೆ ಹಿಡಿದವು ಕಡಿಮೆಯೇನಲ್ಲ.

ಲಿನಕ್ಸ್ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಿಕೊಳ್ಳುವ ವ್ಯವಸ್ಥೆ. ಆದರೆ ಕಿಟಕಿಯಲ್ಲಿ ಹೇಳುವುದಿಲ್ಲ, ಕಮಾಂಡ್‌ಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಹೇಳುತ್ತದೆ. ಆದ್ದರಿಂದ ಅಪ್‌ಡೇಟ್ ಕಿಟಕಿಯನ್ನು ಮುಚ್ಚಿ ಟರ್ಮಿನಲ್ ತೆರೆಯಿರಿ. ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್ ಎಂಬ ಮೂರು ಲಿನಕ್ಸ್ ಬಗೆಗಳಲ್ಲೂ (ಡಿಸ್ಟ್ರೋಗಳಲ್ಲೂ) ಪ್ಯಾಕೇಜ್‌ಗಳ, ಅಂದರೆ ತಂತ್ರಾಂಶದ ಕಟ್ಟುಗಳ, ಉಸ್ತುವಾರಿ ಎಪಿಟಿ ಎಂಬ ಪ್ರೋಗ್ರಾಂನದು. ಇಲ್ಲಿರುವ ಬಹುಪಾಲು ವಿವರ ಅವುಗಳಿಗೇ ಸಂಬಂಧಿಸಿದ್ದು. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ, ನೀವು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಸುಡೊ ಎಂದರೆ ಎಸ್, ಯು, ಡಿ, ಒ. ಆಡಳಿತಗಾರನ ಅಧಿಕಾರದಿಂದ ಕೆಲಸ ಮಾಡಿಸುವ ಅದು ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಪರದೆಯ ಮೇಲೆ ಚುಕ್ಕಿಯೂ ಮೂಡದಿದ್ದರೆ ಗಾಬರಿಯಾಗಬೇಡಿ, ಬರೆದು ಎಂಟರ್ ಒತ್ತಿ.

ಎಡವಿದ್ದು ಎಲ್ಲಿ?

ಅಪ್‌ಡೇಟ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ನಿಜಕ್ಕೂ ಎರಡು ಕೆಲಸ. ‘ಸುಡೊ ಎಪಿಟಿ ಅಪ್‌ಡೇಟ್’ ಸರ್ವರ್‌ನಿಂದ ಪ್ಯಾಕೇಜ್‌ಗಳ ಹೊಸ ಪಟ್ಟಿಯನ್ನಷ್ಟೇ ತರುತ್ತದೆ, ಯಾವ ತಂತ್ರಾಂಶವನ್ನೂ ಮುಟ್ಟುವುದಿಲ್ಲ. ‘ಸುಡೊ ಎಪಿಟಿ ಅಪ್‌ಗ್ರೇಡ್’ ಆ ಪಟ್ಟಿಯನ್ನು ನೋಡಿಕೊಂಡು ಪ್ಯಾಕೇಜ್‌ಗಳನ್ನು ಇಳಿಸಿ ಅಳವಡಿಸುತ್ತದೆ. ಎರಡನ್ನೂ ಬೇರೆಬೇರೆಯಾಗಿ ಓಡಿಸಿ. ಮೊದಲನೆಯದೇ ಮುಗ್ಗರಿಸಿದರೆ ತೊಂದರೆ ನೆಟ್‌ವರ್ಕ್‌ನಲ್ಲೋ ಸರ್ವರ್ ವಿಳಾಸದಲ್ಲೋ ಸಹಿಯಲ್ಲೋ ಇದೆ. ಎರಡನೆಯದು ಮುಗ್ಗರಿಸಿದರೆ ಅದು ಸಾಮಾನ್ಯವಾಗಿ ನಿಮ್ಮ ಡಿಸ್ಕ್‌ನೊಳಗಿನ ವಿಷಯ.

ಓದುವಾಗ ಸಾಲಿನ ಆರಂಭಕ್ಕೆ ಗಮನ ಕೊಡಿ. ‘ಡಬ್ಲ್ಯೂ’ ಅಕ್ಷರದಿಂದ ಶುರುವಾದದ್ದು ಎಚ್ಚರಿಕೆ, ‘ಇ’ ಇಂದ ಶುರುವಾದದ್ದು ದೋಷ. ಒಂದು ದೋಷ ಹಲವು ದೋಷಗಳನ್ನು ಹೆರುತ್ತದೆ. ಹಾಗಾಗಿ ಕೊನೆಯ ಸಾಲಲ್ಲ, ಮೇಲಕ್ಕೆ ಸರಿಸಿಕೊಂಡು ಹೋದಾಗ ಸಿಗುವ ಮೊಟ್ಟಮೊದಲ ದೋಷವೇ ನಿಮಗೆ ಬೇಕಾದದ್ದು.

ಬೀಗ ಬಿದ್ದಿದೆ ಎಂದರೆ ಒಳಗೆ ಯಾರೋ ಇದ್ದಾರೆ

‘ಕುಡ್ ನಾಟ್ ಗೆಟ್ ಲಾಕ್’. ಹೊಸಬರಿಗೆ ಎಲ್ಲಕ್ಕಿಂತ ಮೊದಲು ಎದುರಾಗುವುದು ಬಹುಶಃ ಇದೇ. ಎರಡು ಪ್ರೋಗ್ರಾಂಗಳು ಒಟ್ಟಿಗೇ ಪ್ಯಾಕೇಜ್ ದಾಖಲೆಗಳನ್ನು ತಿದ್ದಿದರೆ ಎಲ್ಲವೂ ಕಲಸಿಹೋಗುತ್ತದೆ. ಅದನ್ನು ತಡೆಯಲು ಒಂದು ಪ್ರೋಗ್ರಾಂ ಕೆಲಸಕ್ಕಿಳಿದಾಗ ಬೀಗ ಹಾಕಿಕೊಳ್ಳುತ್ತದೆ. ಉಬುಂಟುವಿನಲ್ಲಿ ಕಂಪ್ಯೂಟರ್ ಹೊತ್ತಿಕೊಂಡ ಸ್ವಲ್ಪ ಹೊತ್ತಿಗೆ ಭದ್ರತಾ ಅಪ್‌ಡೇಟ್‌ಗಳು ಹಿನ್ನೆಲೆಯಲ್ಲಿ ತಾವಾಗಿಯೇ ಇಳಿಯಬಹುದು. ನೀವೂ ಅದೇ ಹೊತ್ತಿಗೆ ಬಾಗಿಲು ತಟ್ಟಿರುತ್ತೀರಿ, ಅಷ್ಟೆ. ಇತ್ತೀಚಿನ ಎಪಿಟಿ ಬೀಗ ಹಿಡಿದಿರುವ ಪ್ರೋಗ್ರಾಂನ ಹೆಸರನ್ನೂ ಪ್ರಕ್ರಿಯೆಯ ಸಂಖ್ಯೆಯನ್ನೂ ಅದೇ ಸಾಲಿನಲ್ಲಿ ತೋರಿಸುತ್ತದೆ. ‘ಅನ್‌ಅಟೆಂಡೆಡ್-ಅಪ್‌ಗ್ರ್’ ಎಂದು ಮೊಟಕಾದ ಹೆಸರು ಕಂಡರೆ ಕೈಕಟ್ಟಿ ಕುಳಿತುಕೊಳ್ಳಿ. ಹತ್ತು ಹದಿನೈದು ನಿಮಿಷದಲ್ಲಿ ಬಹುತೇಕ ತಾನಾಗಿ ಬಿಡುತ್ತದೆ.

ಬೀಗದ ಕಡತವನ್ನೇ ಅಳಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಒಮ್ಮೆ ನಾನೂ ಅಳಿಸಿದ್ದೆ. ಒಳಗೆ ಕೆಲಸ ನಡೆದೇ ಇತ್ತು. ಎರಡನೆಯ ಅಳವಡಿಕೆಯೂ ನುಗ್ಗಿ, ಅರ್ಧಂಬರ್ಧ ಕೂತ ಪ್ಯಾಕೇಜ್‌ಗಳನ್ನು ಬಿಡಿಸುವುದರಲ್ಲೇ ಒಂದು ಭಾನುವಾರ ಕಳೆಯಿತು. ಅಳಿಸಿದ್ದು ಬರೀ ಕಡತ, ಒಳಗಿದ್ದ ಪ್ರೋಗ್ರಾಂ ಎಲ್ಲಿಗೂ ಹೋಗಿರಲಿಲ್ಲ. ತೀರಾ ಹೊತ್ತಾದರೂ ಬಿಡದಿದ್ದರೆ ಬೇರೆ ಅಪ್‌ಡೇಟ್ ಕಿಟಕಿ ಎಲ್ಲಾದರೂ ತೆರೆದಿದೆಯೇ ನೋಡಿ ಮುಚ್ಚಿ. ಆಗಲೂ ಆಗದಿದ್ದರೆ ಮೆನುವಿನಿಂದ ಕ್ರಮಬದ್ಧವಾಗಿ ಮರುಚಾಲನೆ ಮಾಡಿ. ಪವರ್ ಗುಂಡಿಯನ್ನು ಅದುಮಿ ಹಿಡಿಯುವುದು ಬೇಡ.

ಜಾಗ ಇದೆ, ಆದರೂ ಜಾಗವಿಲ್ಲ

‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದು ಬಂದಾಗ ಹಲವರು ಸಿಟ್ಟಾಗುತ್ತಾರೆ: ಡಿಸ್ಕ್‌ನಲ್ಲಿ ಇನ್ನೂರು ಗಿಗಾಬೈಟ್ ಖಾಲಿ ಇದೆಯಲ್ಲ! ‘ಡಿಎಫ್ -ಎಚ್’ ಎಂದು ಬರೆದು ನೋಡಿ. ಪ್ರತಿ ವಿಭಾಗದ ಮುಂದೆ ಎಷ್ಟು ಶೇಕಡಾ ತುಂಬಿದೆ ಎಂಬುದು ಕಾಣುತ್ತದೆ. ‘ಬೂಟ್’ ಎಂಬ ಹೆಸರಿನ ಪುಟ್ಟ ವಿಭಾಗದ ಮುಂದೆ 100 ಎಂದಿದ್ದರೆ ಕಳ್ಳ ಸಿಕ್ಕಿದ. ಅಳವಡಿಸುವಾಗ ಇಡೀ ಡಿಸ್ಕ್‌ಗೆ ಎನ್‌ಕ್ರಿಪ್ಶನ್ ಆರಿಸಿಕೊಂಡವರಲ್ಲಿ ಈ ವಿಭಾಗ ಪ್ರತ್ಯೇಕವಾಗಿರುತ್ತದೆ. ಹಳೆಯ ಅಳವಡಿಕೆಗಳಲ್ಲಿ ಕೆಲವು ನೂರು ಮೆಗಾಬೈಟ್‌ಗಳಷ್ಟೇ ಅದರ ಅಳತೆ. ಲಿನಕ್ಸ್‌ನ ತಿರುಳಾದ ಕರ್ನಲ್ ಹೊಸದು ಬಂದಾಗಲೆಲ್ಲ ಹಳೆಯದರ ಪಕ್ಕದಲ್ಲೇ ಬಂದು ಕೂರುತ್ತದೆ. ಪ್ರತಿ ಕರ್ನಲ್‌ನ ಜೊತೆಗೆ ‘ಇನಿಟ್‌ಆರ್‌ಡಿ’ ಎಂಬ ಇನ್ನೊಂದು ಭಾರದ ಕಡತವೂ ಬರುತ್ತದೆ. ಮೂರು ನಾಲ್ಕು ಜೋಡಿ ಸೇರಿದರೆ ವಿಭಾಗ ತುಂಬಿತು.

ಮೊದಲು ‘ಯುನೇಮ್ -ಆರ್’ ಎಂದು ಕೇಳಿ, ಈಗ ಓಡುತ್ತಿರುವ ಕರ್ನಲ್‌ನ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದನ್ನು ಮುಟ್ಟುವಂತಿಲ್ಲ. ಆಮೇಲೆ ‘ಸುಡೊ ಎಪಿಟಿ ಆಟೊರಿಮೂವ್ --ಪರ್ಜ್’. ಓಡುತ್ತಿರುವುದನ್ನೂ ತೀರಾ ಹೊಸವಾದ ಎರಡನ್ನೂ ಉಳಿಸಿಕೊಂಡು ಮಿಕ್ಕ ಹಳೆಯ ಕರ್ನಲ್‌ಗಳನ್ನು ಅದು ಗುಡಿಸುತ್ತದೆ. ಕೆಲವೊಮ್ಮೆ ವಿಭಾಗ ಎಷ್ಟು ಬಿಗಿದಿರುತ್ತದೆಂದರೆ ಗುಡಿಸುವ ಕೆಲಸವೇ ಶುರುವಾಗುವುದಿಲ್ಲ. ಆಗ ಬೂಟ್ ಫೋಲ್ಡರ್‌ನಲ್ಲಿರುವ ಅತ್ಯಂತ ಹಳೆಯ ಇನಿಟ್‌ಆರ್‌ಡಿ ಕಡತವೊಂದನ್ನು ಅಳಿಸದೆ ನಿಮ್ಮ ಹೋಮ್ ಫೋಲ್ಡರ್‌ಗೆ ಸರಿಸಿ. ಕಾಗದದಲ್ಲಿ ಬರೆದ ಸಂಖ್ಯೆಯದ್ದು ಅದಲ್ಲವೆಂದು ಎರಡು ಸಲ ನೋಡಿಕೊಳ್ಳಿ. ಸಿಕ್ಕಷ್ಟು ಉಸಿರಾಟದ ಜಾಗದಲ್ಲಿ ಮತ್ತೆ ಪ್ರಯತ್ನಿಸಿ.

ಮುಖ್ಯ ವಿಭಾಗವೇ ತುಂಬಿದ್ದರೆ ದಾರಿ ಸುಲಭ. ‘ಸುಡೊ ಎಪಿಟಿ ಕ್ಲೀನ್’ ಎಂದರೆ ಹಿಂದೆ ಇಳಿಸಿ ಉಳಿದ ಪ್ಯಾಕೇಜ್ ಕಡತಗಳೆಲ್ಲ ಹೋಗುತ್ತವೆ. ಅಳವಡಿಸಿದ ತಂತ್ರಾಂಶಕ್ಕೆ ಏನೂ ಆಗುವುದಿಲ್ಲ.

ಅರ್ಧದಲ್ಲಿ ಕರೆಂಟ್ ಹೋದರೆ

ಅಳವಡಿಕೆಯ ನಡುವೆ ವಿದ್ಯುತ್ ಕೈಕೊಟ್ಟರೆ ಮುಂದಿನ ಸಲ ‘ಡಿಪಿಕೆಜಿ ವಾಸ್ ಇಂಟರಪ್ಟೆಡ್’ ಎಂದು ಬರುತ್ತದೆ. ಡಿಪಿಕೆಜಿ ಎಂದರೆ ಎಪಿಟಿಯ ಕೈಕೆಳಗೆ ಪ್ಯಾಕೇಜ್‌ಗಳನ್ನು ಅಳವಡಿಸುವ ಪ್ರೋಗ್ರಾಂ. ದೋಷದ ಸಾಲಿನಲ್ಲೇ ಮದ್ದೂ ಇದೆ: ‘ಸುಡೊ ಡಿಪಿಕೆಜಿ --ಕನ್ಫಿಗರ್ -ಎ’. ಬಿಟ್ಟ ಕೆಲಸವನ್ನು ಅದು ಬಿಟ್ಟಲ್ಲಿಂದ ಮುಗಿಸುತ್ತದೆ. ಒಂದು ಪ್ಯಾಕೇಜ್‌ಗೆ ಬೇಕಾದ ಇನ್ನೊಂದು ಪ್ಯಾಕೇಜ್ ಇಲ್ಲ ಎಂಬ ದೂರು ಉಳಿದರೆ ‘ಸುಡೊ ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’.

ಇಲ್ಲಿ ಬೆರಳನ್ನು ಸ್ವಲ್ಪ ತಡೆದುಕೊಳ್ಳಿ. ಕೆಲಸಕ್ಕಿಳಿಯುವ ಮುನ್ನ ಅದು ಪಟ್ಟಿ ತೋರಿಸಿ ಹೌದೋ ಅಲ್ಲವೋ ಎಂದು ಕೇಳುತ್ತದೆ. ‘ವಿಲ್ ಬಿ ರಿಮೂವ್ಡ್’ ಎಂಬ ತಲೆಬರಹದ ಕೆಳಗಿನ ಹೆಸರುಗಳನ್ನು ಒಂದೊಂದಾಗಿ ಓದಿ. ಅಲ್ಲಿ ‘ಡೆಸ್ಕ್‌ಟಾಪ್’ ಎಂಬ ಪದವೋ ಗ್ನೋಮ್, ಸಿನಮನ್ ಎಂಬ ಡೆಸ್ಕ್‌ಟಾಪ್‌ಗಳ ಹೆಸರುಗಳೋ ಕಂಡರೆ ‘ಎನ್’ ಒತ್ತಿ ಹೊರಬನ್ನಿ. 2021ರಲ್ಲಿ ಪ್ರಸಿದ್ಧ ಯೂಟ್ಯೂಬರ್ ಒಬ್ಬರು ಆಟದ ತಂತ್ರಾಂಶ ಅಳವಡಿಸಲು ಹೋಗಿ ಇಂಥದೇ ಪಟ್ಟಿಯನ್ನು ದಾಟಿದರು. ‘ಹೌದು, ನಾನು ಹೇಳಿದಂತೆ ಮಾಡು’ ಎಂಬ ಅರ್ಥದ ಪೂರ್ತಿ ಇಂಗ್ಲಿಷ್ ವಾಕ್ಯವನ್ನು ಎಪಿಟಿ ಕೇಳಿದಾಗ ಅದನ್ನೂ ಟೈಪ್ ಮಾಡಿದರು. ಅದು ಹೇಳಿದಂತೆಯೇ ಮಾಡಿತು. ಡೆಸ್ಕ್‌ಟಾಪ್ ಪೂರ್ತಿ ಮಾಯ.

ಇನ್ನೊಂದು ಪ್ರಶ್ನೆಯೂ ನಡುವೆ ಬರಬಹುದು. ನೀವು ತಿದ್ದಿದ ಸೆಟ್ಟಿಂಗ್ ಕಡತದ ಹೊಸ ಆವೃತ್ತಿ ಬಂದಿದೆ, ಹಳೆಯದನ್ನು ಉಳಿಸಲೇ ಎಂದು. ಗೊತ್ತಾಗದಿದ್ದರೆ ಸುಮ್ಮನೆ ಎಂಟರ್ ಒತ್ತಿ, ನಿಮ್ಮದೇ ಉಳಿಯುತ್ತದೆ. ಹಸಿರು ಪಟ್ಟಿ ಮುಂದೆ ಹೋಗದೆ ನಿಂತಿದೆ ಎಂದು ಕಿಟಕಿಯಲ್ಲಿ ಕಂಡಾಗ ಎಷ್ಟೋ ಸಲ ಇಂಥ ಪ್ರಶ್ನೆಯೊಂದು ಉತ್ತರಕ್ಕಾಗಿ ಹಿಂದೆ ಕಾಯುತ್ತಿರುತ್ತದೆ.

ಪಟ್ಟಿಯೇ ಬರದಿದ್ದರೆ

‘404’ ಎಂದರೆ ಆ ವಿಳಾಸದಲ್ಲಿ ಏನೂ ಇಲ್ಲ. ಯಾವ ವಿಳಾಸ ಎಂಬುದನ್ನು ಅದೇ ಸಾಲು ಹೇಳುತ್ತದೆ. ಅದು ಹೊರಗಿನಿಂದ ಸೇರಿಸಿಕೊಂಡ ಪಿಪಿಎ (ಬೇರೆಯವರು ನಡೆಸುವ ಪ್ಯಾಕೇಜ್ ಭಂಡಾರ) ಆಗಿದ್ದರೆ ಅದರ ಒಡೆಯರು ನಿಮ್ಮ ಆವೃತ್ತಿಗೆ ಪ್ಯಾಕೇಜ್ ಕೊಡುತ್ತಿಲ್ಲ. ‘ಸಾಫ್ಟ್‌ವೇರ್ ಮತ್ತು ಅಪ್‌ಡೇಟ್ಸ್’ ಕಿಟಕಿಯಲ್ಲಿ ಅದರ ಮುಂದಿನ ಗುರುತನ್ನು ತೆಗೆಯಿರಿ. ಉಬುಂಟುವಿನ ಸ್ವಂತ ವಿಳಾಸವೇ 404 ಎನ್ನುತ್ತಿದ್ದರೆ ನಿಮ್ಮ ಆವೃತ್ತಿಯ ಆಯುಸ್ಸು ಮುಗಿದಿರಬಹುದು. ಎಲ್‌ಟಿಎಸ್ ಎಂಬ ದೀರ್ಘಾವಧಿ ಆವೃತ್ತಿಗಳಿಗೆ 5 ವರ್ಷ, ನಡುವೆ ಬರುವ ಆವೃತ್ತಿಗಳಿಗೆ ಬರೀ 9 ತಿಂಗಳು. ಆಮೇಲೆ ಯಾವಾಗಲಾದರೂ ಪ್ಯಾಕೇಜ್‌ಗಳು ಹಳೆಯ ಆವೃತ್ತಿಗಳ ಉಗ್ರಾಣಕ್ಕೆ ಹೋಗುತ್ತವೆ. ಅಲ್ಲಿಂದಾಚೆಗೆ ಇರುವ ದಾರಿ ಹೊಸ ಆವೃತ್ತಿಗೆ ಹೋಗುವುದೇ.

‘ನೋ ಪಬ್‌ಕೀ’ ಎಂದರೆ ಪಟ್ಟಿಯ ಮೇಲಿನ ಸಹಿಯನ್ನು ಪರಿಶೀಲಿಸುವ ಕೀಲಿ ನಿಮ್ಮಲ್ಲಿಲ್ಲ. ಕೀಲಿಯನ್ನು ಆ ತಂತ್ರಾಂಶದ ಅಧಿಕೃತ ತಾಣದಿಂದಲೇ ತರಬೇಕು. ಸಹಿ ಪರಿಶೀಲನೆಯನ್ನೇ ನಿಲ್ಲಿಸಿಬಿಡಿ ಎನ್ನುವ ಸಲಹೆಗೆ ಕಿವಿಗೊಡಬೇಡಿ. ‘ಹ್ಯಾಷ್ ಸಮ್ ಮಿಸ್‌ಮ್ಯಾಚ್’ ಬಂದರೆ ಬಹುತೇಕ ಸಲ ಮಿರರ್ (ಪ್ಯಾಕೇಜ್‌ಗಳ ನಕಲನ್ನು ಇಟ್ಟುಕೊಂಡಿರುವ) ಸರ್ವರ್ ತಾನೇ ನವೀಕರಣದ ನಡುವೆ ಇರುತ್ತದೆ. ಒಂದೆರಡು ಗಂಟೆ ಬಿಟ್ಟು ನೋಡಿ, ಇಲ್ಲವೇ ಬೇರೆ ಮಿರರ್ ಆರಿಸಿ.

‘ನಾಟ್ ವ್ಯಾಲಿಡ್ ಯೆಟ್’ ಎಂಬುದು ನನಗೆ ಇಷ್ಟವಾದ ದೋಷ. ಪಟ್ಟಿಯ ಮೇಲೆ ಭವಿಷ್ಯದ ದಿನಾಂಕವಿದೆ ಎಂದು ಅದು ದೂರುತ್ತದೆ. ನಿಜದಲ್ಲಿ ಹಿಂದುಳಿದಿರುವುದು ನಿಮ್ಮ ಗಡಿಯಾರ. ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ಸತ್ತಾಗ ಹೀಗಾಗುತ್ತದೆ. ‘ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ’ ಎಂದರೆ ಸಮಯ ಅಂತರ್ಜಾಲದಿಂದ ಸರಿಹೊಂದುತ್ತದೆ. ಬ್ಯಾಟರಿಯನ್ನು ಮಾತ್ರ ನೀವೇ ಬದಲಿಸಬೇಕು.

‘ಕೆಪ್ಟ್ ಬ್ಯಾಕ್’ ಎಂದು ಕೆಲವು ಪ್ಯಾಕೇಜ್‌ಗಳು ಉಳಿದರೆ ಅದು ದೋಷವೇ ಅಲ್ಲ. ಉಬುಂಟು ಕೆಲವು ಅಪ್‌ಡೇಟ್‌ಗಳನ್ನು ಎಲ್ಲರಿಗೂ ಒಂದೇ ದಿನ ಕೊಡದೆ ಹಂತಹಂತವಾಗಿ ಬಿಡುತ್ತದೆ. ನಿಮ್ಮ ಸರದಿ ಇನ್ನೂ ಬಂದಿರಲಿಕ್ಕಿಲ್ಲ.

ಅಪ್‌ಡೇಟ್ ಆಯಿತು, ಪರದೆ ಕಪ್ಪಾಯಿತು

ಹೊಸ ಕರ್ನಲ್ ಬಂದ ಮೇಲೆ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಅದಕ್ಕೆ ಹೊಂದಿಕೊಳ್ಳದಿದ್ದರೆ ಹೀಗಾಗುತ್ತದೆ. ಯಂತ್ರ ಹೊತ್ತಿಕೊಳ್ಳುವಾಗ ಎಸ್ಕೇಪ್ ಕೀಲಿ, ಹಳೆಯ ಯಂತ್ರಗಳಲ್ಲಿ ಶಿಫ್ಟ್, ಒತ್ತಿದರೆ ಯಾವ ಕರ್ನಲ್ ಬೇಕೆಂದು ಆರಿಸುವ ಗ್ರಬ್ ಮೆನು ಬರುತ್ತದೆ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಆಟೊರಿಮೂವ್ ಒಂದಾದರೂ ಹಳೆಯ ಕರ್ನಲ್ ಉಳಿಸಿಕೊಳ್ಳುವುದು ಇದಕ್ಕೇ. ಒಳಗೆ ಬಂದ ಮೇಲೆ ಡ್ರೈವರನ್ನು ಮರಳಿ ಅಳವಡಿಸಿ. ಮಿಂಟ್ ಬಳಸುವವರ ಬಳಿ ಟೈಮ್‌ಶಿಫ್ಟ್ ಎಂಬ ಪ್ರೋಗ್ರಾಂ ಇರುತ್ತದೆ. ದೊಡ್ಡ ಅಪ್‌ಡೇಟ್‌ಗೆ ಮುನ್ನ ಅದರಲ್ಲೊಂದು ಸ್ನ್ಯಾಪ್‌ಶಾಟ್ (ವ್ಯವಸ್ಥೆಯ ಆ ಹೊತ್ತಿನ ಪ್ರತಿ) ತೆಗೆದಿಟ್ಟಿದ್ದರೆ ನಿನ್ನೆಗೆ ಮರಳುವುದು ಕೆಲವು ನಿಮಿಷಗಳ ಕೆಲಸ. ವೈಯಕ್ತಿಕ ಕಡತಗಳನ್ನು ಅದು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ, ಅವುಗಳ ಪ್ರತಿ ಬೇರೆ ಇರಲಿ.

ಎಪಿಟಿ ಬದಲು ಡಿಎನ್‌ಎಫ್ ಇರುವ ಫೆಡೋರಾದಲ್ಲಿ ‘ಸುಡೊ ಡಿಎನ್‌ಎಫ್ ಅಪ್‌ಗ್ರೇಡ್ --ರಿಫ್ರೆಶ್’ ಓಡಿಸಿ. ಕೆಟ್ಟರೆ ‘ಡಿಎನ್‌ಎಫ್ ಹಿಸ್ಟರಿ’ ಹಿಂದಿನ ವಹಿವಾಟುಗಳನ್ನು ತೋರಿಸುತ್ತದೆ, ಹಲವನ್ನು ಹಿಂತೆಗೆಯಲೂಬಹುದು. ಪ್ಯಾಕ್‌ಮನ್ ಇರುವ ಆರ್ಚ್ ಬಳಸುವವರು ಅರೆಬರೆ ಅಪ್‌ಡೇಟ್ ಮಾಡಲೇಬಾರದು. ‘ಸುಡೊ ಪ್ಯಾಕ್‌ಮನ್ -ಎಸ್‌ವೈಯು’ ಎಂದು ಪೂರ್ತಿಯೇ ಓಡಿಸಬೇಕು, ಇಲ್ಲಿ ‘-’ ಆದಮೇಲಿನ ‘ಎಸ್’ ದೊಡ್ಡಕ್ಷರ.

ಇಷ್ಟಾದರೂ ಬಗೆಹರಿಯದೆ ಬೇರೆಯವರನ್ನು ಕೇಳಬೇಕಾಗಿ ಬಂದರೆ ಪರದೆಯ ಫೋಟೊ ಕಳಿಸಬೇಡಿ. ‘ವಾರ್’ ಒಳಗಿನ ‘ಲಾಗ್’, ಅದರೊಳಗಿನ ‘ಎಪಿಟಿ’ ಫೋಲ್ಡರ್‌ನಲ್ಲಿ ಬೇಕಾದ ಎರಡು ಕಡತಗಳಿವೆ. ‘ಹಿಸ್ಟರಿ’ ಎಂಬುದರಲ್ಲಿ ಯಾವ ದಿನ ಯಾವ ಪ್ಯಾಕೇಜ್ ಬಂತು ಹೋಯಿತು ಎಂಬ ಲೆಕ್ಕವಿದೆ, ‘ಟರ್ಮ್’ ಎಂಬುದರಲ್ಲಿ ಅಳವಡಿಸುವಾಗ ಪರದೆಯ ಮೇಲೆ ಹಾದುಹೋದ ಸಾಲುಗಳಿವೆ. ಎರಡರಲ್ಲೂ ಕೊನೆಯ ದಿನಾಂಕದ ಭಾಗವನ್ನು ನಕಲಿಸಿ, ಡಿಸ್ಟ್ರೋದ ಹೆಸರು ಮತ್ತು ಆವೃತ್ತಿಯ ಜೊತೆಗೆ ಕಳಿಸಿ.